ಒಂಟೆಗಳ ಹಿಂಡು ಮತ್ತು ವರ್ಗಗಣಿತ

ಭೀಮಾ-ಅಮರಜಾ ಸಂಗಮದ ಗಾಣಗಾಪುರವು ದತ್ತಕ್ಷೇತ್ರವೆಂದು ಅರಿಯದವರು ವಿರಳ. ಅದೇ ಕಲಬುರಗಿ ಸೀಮೆಯಲ್ಲಿ, ಭೀಮೆಯನ್ನು ಸೇರುವ ಕಾಗಿಣಾ ನದಿಯ ದಡದ ಮಳಖೇಡದ ಹೆಸರು ಗಣಿತದ ಚರಿತ್ರೆಯಲ್ಲಿಯೂ ಬರುವುದೆಂಬುದು ಅಷ್ಟು ಪ್ರಸಿದ್ಧವಲ್ಲ. ಅಲ್ಲಿಂದ ಆಳಿದ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ ಮಹಾವೀರಾಚಾರ್ಯನು ಕ್ರಿ. ಶ. ೮೫೦ರ ಸುಮಾರಿಗೆ ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರಲ್ಲಿಯ ಒಂದು ಲೆಕ್ಕವನ್ನೇ ಹಿಡಿದು ವರ್ಗಗಣಿತದ ಪರಿಭಾಷೆಯನ್ನು ವಿವರಿಸಲು ಯತ್ನಿಸುವೆವು.

ಒಂಟೆಗಳ ಹಿಂಡೊಂದರ ಕಾಲುಭಾಗವು ಕಾಡಿನಲ್ಲಿ ಕಂಡಿತು. ಹಿಂಡಿನ ವರ್ಗಮೂಲದ ಇಮ್ಮಡಿಯಷ್ಟು ಬೆಟ್ಟದ ತಪ್ಪಲಿಗೆ ಹೋದವು. ಹದಿನೈದು ನದೀತೀರದಲ್ಲಿ ಉಳಿದವು. ಹಿಂಡಿನಲ್ಲಿದ್ದವು ಎಷ್ಟು?

ಹಿಂಡಿನ ವರ್ಗಮೂಲವನ್ನು ‘ಯ’ ಎನ್ನೋಣ. ಹಿಂಡು ಯ² ಆಯಿತು. ಅದರ ಮುಕ್ಕಾಲು ಪಾಲು, ೨ಯ ಮತ್ತು ೧೫ ಕೂಡಿದಷ್ಟಕ್ಕೆ ಸಮ. ನಾಲ್ಕರಿಂದ ಗುಣಿಸಿ ಎಲ್ಲವನ್ನೂ ಒಂದು ಕಡೆಗೆ ತಂದರೆ ೩ಯ² − ೮ಯ − ೬೦ = ೦. ಇದೇ ವರ್ಗ ಸಮೀಕರಣ. ಇದರಲ್ಲಿ ‘ಯ’ವು ಅವ್ಯಕ್ತ, ೩ ಮತ್ತು −೮ ಸಹಗುಣಕಗಳು, −೬೦ ಸ್ಥಿರಾಂಕ. ಸಮೀಕರಣಕ್ಕೆ ಒಪ್ಪುವ ಬೆಲೆಗಳಿಗೆ ಮೂಲಗಳೆಂದು ಹೆಸರು. ಇಲ್ಲಿ ಅವು ೬ ಮತ್ತು −೧೦/೩. ಒಂಟೆಗಳ ಲೆಕ್ಕದಲ್ಲಿ ಋಣಮೂಲಕ್ಕೆ ಎಡೆಯಿಲ್ಲವಾದುದರಿಂದ ಹಿಂಡು ೩೬. ಕಾಡಿನಲ್ಲಿ ೯, ತಪ್ಪಲಲ್ಲಿ ೧೨, ದಡದಲ್ಲಿ ೧೫.

ಇಷ್ಟಕ್ಕೆ ಪ್ರಾಚೀನರ ಪ್ರಶ್ನೆ ಮುಗಿಯಿತು. ಆಧುನಿಕರ ‘ವರ್ಗ ಉತ್ಪನ್ನ’ವಾದರೋ ಸೊನ್ನೆಯೊಂದನ್ನೇ ಅರಸದೆ, ಯ ಬದಲಾದಂತೆ ೩ಯ² − ೮ಯ − ೬೦ ಹೇಗೆ ಬದಲಾಗುವುದೆಂದು ಕೇಳುತ್ತದೆ. ಯ ೪ ಆದಾಗ −೪೪; ೫ಕ್ಕೆ −೨೫; ೬ಕ್ಕೆ ಸೊನ್ನೆ; ೭ಕ್ಕೆ ೩೧. ಏರಿಕೆಗಳು ೧೯, ೨೫, ೩೧. ಏರಿಕೆಯೇ ಪ್ರತಿ ಹೆಜ್ಜೆಗೆ ಆರಾರರಂತೆ ಏರುತ್ತಿದೆ! ಆ ಆರು, ಮೊದಲ ಸಹಗುಣಕದ ಇಮ್ಮಡಿ. ವರ್ಗ ಉತ್ಪನ್ನವನ್ನು ಗುರುತಿಸಲು ಇದಕ್ಕಿಂತ ಸುಲಭವಾದ ಲಕ್ಷಣವನ್ನು ನಾವು ಕಾಣೆವು. ಈ ಬೆಲೆಗಳನ್ನು ನಕ್ಷೆಯಲ್ಲಿ ಗುರುತಿಸಿ ಜೋಡಿಸಿದರೆ ದೊರೆಯುವ ವಕ್ರರೇಖೆಯು ಪರವಲಯ. ಎರಡು ಮೂಲಗಳ ನಟ್ಟನಡುವೆ, ಯ ೪/೩ ಆದಲ್ಲಿ, ಅದರ ತಿರುವು. ಅದಕ್ಕೆ ಶೃಂಗವೆಂದು ಹೆಸರು. ಇಲ್ಲಿ ಅದು ತಳದಲ್ಲಿದ್ದರೂ ಶೃಂಗವೇ!

ಮಧ್ಯದ ಸಹಗುಣಕದ ವರ್ಗದಿಂದ, ಮೊದಲ ಸಹಗುಣಕ ಮತ್ತು ಸ್ಥಿರಾಂಕಗಳ ಗುಣಲಬ್ಧದ ನಾಲ್ಮಡಿಯನ್ನು ಕಳೆದರೆ ಬರುವುದು ಶೋಧಕ. ನಮ್ಮ ಲೆಕ್ಕದಲ್ಲಿ ಅದು ೭೮೪, ಎಂದರೆ ೨೮ರ ವರ್ಗ. −೬೦ರ ಬದಲು ೬ನ್ನು ಕೂಡಿಸಿದರೆ ಶೋಧಕವು −೮ ಆಗಿ, ಪರವಲಯವು ಮೇಲಕ್ಕೆ ಸರಿದು ಸೊನ್ನೆಯ ಗೆರೆಯನ್ನು ಮುಟ್ಟುವುದೇ ಇಲ್ಲ. ಋಣಸಂಖ್ಯೆಯು ಸ್ವಭಾವತಃ ವರ್ಗವಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಮಹಾವೀರಾಚಾರ್ಯನು ತಿಳಿಸಿದ್ದಾನೆ. ವಾಸ್ತವ ಸಂಖ್ಯೆಗಳ ಮಟ್ಟಿಗೆ ಅದು ಇಂದಿಗೂ ಸರಿ. ಅಂಥ ಮೂಲಗಳೊಡನೆಯೂ ಲೆಕ್ಕಮಾಡುವ ನಿಯಮಗಳನ್ನು ಇಟಲಿಯ ಬೊಂಬೆಲ್ಲಿಯು ೧೫೭೨ರಲ್ಲಿ ಪ್ರಕಟಿಸಿದನು.