ಹೊಸ ಸ್ಕೂಟರು ನೇರವಾಗಿ ಏಕೆ ಓಡದು?

ಕಳೆದ ವರ್ಷ ನನ್ನ ತಂಗಿಯ ಮಗಳು ಕಾಲೇಜಿಗೆ ಹೋಗಿಬರಲೆಂದು ಹೊಸ ಸ್ಕೂಟರೊಂದನ್ನು ಕೊಂಡಳು. ಮೂರನೆಯ ದಿನವೇ ಮೊಣಕೈ ತರಚಿಸಿಕೊಂಡು ಮನೆಗೆ ಬಂದಳು. ಜನಸಂದಣಿಯಲ್ಲಿ ನಿಧಾನವಾಗಿ ಸಾಗುವಾಗ ವಾಹನವು ಅತ್ತಿತ್ತ ತೂರಾಡುವುದೆಂದೂ, ತಿರುವು ಮುಗಿದ ಮೇಲೂ ಹ್ಯಾಂಡಲು ತಾನಾಗಿ ನೇರಕ್ಕೆ ಬರುವುದಿಲ್ಲವೆಂದೂ ಅವಳ ದೂರು. ಮಾರಿದ ಅಂಗಡಿಯವರು, “ಹೊಸ ಗಾಡಿಯಲ್ಲವೇ, ನಾಲ್ಕು ದಿನ ಓಡಿಸಿದರೆ ಸರಿಹೋಗುತ್ತದೆ” ಎಂದರು. ಮನೆಯವರು ತಪ್ಪನ್ನು ಅವಳ ಮೇಲೆಯೇ ಹೊರಿಸಿದರು. ಹತ್ತು ವರ್ಷ ಸೈಕಲ್ ತುಳಿದ ಹುಡುಗಿಗೆ ಸಮತೋಲ ತಿಳಿಯದೆಂಬ ಮಾತನ್ನು ನಾನಂತೂ ಒಪ್ಪಲಿಲ್ಲ.

ಎರಡೇ ಚಕ್ರಗಳ ವಾಹನ ಬೀಳದೆ ಓಡುವುದು ಹೇಗೆ? ತಿರುಗುವ ಚಕ್ರವು ಬುಗುರಿಯಂತೆ ನೆಟ್ಟಗೆ ನಿಲ್ಲುವುದರಿಂದ ಎಂದು ಅನೇಕರು ಹೇಳುವುದುಂಟು. ಅದು ಪೂರ್ಣ ಸತ್ಯವಲ್ಲ. ಬ್ರಿಟನ್ನಿನ ಡೇವಿಡ್ ಜೋನ್ಸ್ ಎಂಬ ವಿಜ್ಞಾನಿ ಸೈಕಲ್ಲಿನ ಮುಂಚಕ್ರದ ಪಕ್ಕದಲ್ಲಿ ಮತ್ತೊಂದು ಚಕ್ರವನ್ನು ಹಿಮ್ಮುಖವಾಗಿ ತಿರುಗಿಸಿ, ಬುಗುರಿಯ ಗುಣವನ್ನು ಅಳಿಸಿಹಾಕಿ ನೋಡಿದರು. ಆದರೂ ಅದರ ಮೇಲೆ ಸವಾರಿ ಸಾಧ್ಯವಾಯಿತೆಂದು 1970ರಲ್ಲಿ ಪ್ರಕಟಿಸಿದರು. ನಿಜವಾದ ಗುಟ್ಟು ಹ್ಯಾಂಡಲಿನಲ್ಲಿದೆ. ವಾಹನವು ಎಡಕ್ಕೆ ವಾಲಿದೊಡನೆ ಮುಂಚಕ್ರವೂ ತುಸು ಎಡಕ್ಕೆ ತಿರುಗಿ, ಬೀಳಲಿರುವ ಭಾರದ ಅಡಿಗೆ ಚಕ್ರಗಳನ್ನು ತಂದು ನಿಲ್ಲಿಸುವುದು. ಇಂತಹ ನೂರಾರು ಸಣ್ಣ ತಿದ್ದುಪಡಿಗಳು ಸವಾರನಿಗೇ ಅರಿವಿಲ್ಲದಂತೆ ನಡೆಯುತ್ತಿರುವುವು.

ಈಗ ಹ್ಯಾಂಡಲು ಬಿಗಿಯಾಗಿದೆಯೆಂದು ಭಾವಿಸಿರಿ. ಸಣ್ಣ ತಿದ್ದುಪಡಿಗೆ ಅದು ಜಗ್ಗುವುದಿಲ್ಲ. ಸವಾರನು ಬಲವನ್ನು ಹೆಚ್ಚಿಸಿದಾಗ ಘರ್ಷಣೆ ಥಟ್ಟನೆ ಸೋತು, ಚಕ್ರವು ಬೇಕಾದುದಕ್ಕಿಂತ ಹೆಚ್ಚು ತಿರುಗಿಬಿಡುವುದು. ಅದನ್ನು ಸರಿಪಡಿಸಲು ಹೋದರೆ ಆಚೆಯ ಕಡೆಗೂ ಹೀಗೆಯೇ. ಹುಡುಗಿ ಹೇಳಿದ ತೂರಾಟವೆಂದರೆ ಇದೇ. ವೇಗ ಕಡಿಮೆಯಾದಷ್ಟೂ ದೊಡ್ಡ ತಿದ್ದುಪಡಿಗಳು ಬೇಕಾಗುವುದರಿಂದ ಜನಸಂದಣಿಯಲ್ಲಿಯೇ ಈ ದೋಷ ಎದ್ದು ಕಾಣುವುದು.

ಹ್ಯಾಂಡಲಿನ ಕಂಬವು ಮೇಲೊಂದು ಕೆಳಗೊಂದು ಬೇರಿಂಗುಗಳ ನಡುವೆ ತಿರುಗುತ್ತದೆ. ಮೆಕ್ಯಾನಿಕರು ಇದನ್ನು ಕೋನ್ ಸೆಟ್ ಎನ್ನುತ್ತಾರೆ. ಅದರ ಬಿಗಿತವನ್ನು ನಿರ್ಧರಿಸುವುದು ಮೇಲಿನ ನಟ್ಟು. ಪರೀಕ್ಷೆ ಸುಲಭವಾದುದು. ಎಂಜಿನ್ ನಿಲ್ಲಿಸಿ ಸ್ಕೂಟರನ್ನು ನಡುಸ್ಟ್ಯಾಂಡಿನ ಮೇಲೆ ಏರಿಸಿ, ಒಬ್ಬರು ಹಿಂಭಾಗವನ್ನು ಅದುಮಿ ಮುಂಚಕ್ರವನ್ನು ನೆಲದಿಂದ ಎತ್ತಲಿ. ಇನ್ನೊಬ್ಬರು ಹ್ಯಾಂಡಲನ್ನು ಬೆರಳಿನಿಂದ ಮೆಲ್ಲಗೆ ತಳ್ಳಲಿ. ಅದು ಎಡಕ್ಕಾಗಲಿ ಬಲಕ್ಕಾಗಲಿ ಸರಾಗವಾಗಿ ಹೊರಳಬೇಕು. ನಮ್ಮ ಸ್ಕೂಟರಿನ ಹ್ಯಾಂಡಲು ತಳ್ಳಿದಲ್ಲಿಯೇ ನಿಂತಿತು!

ಅಂಗಡಿಯವರನ್ನು ಕರೆಸಿ ಇದನ್ನೇ ತೋರಿಸಿದೆವು. ಅವರು ಮತ್ತೇನೂ ಹೇಳದೆ ಒಬ್ಬ ಮೆಕ್ಯಾನಿಕನನ್ನು ಕಳುಹಿಸಿದರು. ಆತ ನಟ್ಟನ್ನು ಕಂಪನಿ ಹೇಳಿದ ಅಳತೆಗೆ ತಂದ ಮೇಲೆ ತೂರಾಟ ನಿಂತಿತು. ‘ನಾಲ್ಕು ದಿನ ಓಡಿಸಿ’ ಎಂಬ ಸಲಹೆಯನ್ನು ಪಾಲಿಸಿದ್ದರೆ, ಅತಿಯಾದ ಒತ್ತಡದಿಂದ ಬೇರಿಂಗಿನ ಗುಂಡುಗಳು ತಮ್ಮ ಹಾದಿಯಲ್ಲಿಯೇ ಕುಳಿ ಮಾಡಿಕೊಳ್ಳುವ ಸಂಭವವಿತ್ತು. ಹಾಗೆಂದು ನೀವೇ ನಟ್ಟನ್ನು ಸಡಿಲಿಸಹೋಗಬೇಡಿರಿ. ಅದು ತೀರ ಸಡಿಲವಾದರೂ ಅಪಾಯವೇ. ಮುಂದಿನ ಬ್ರೇಕನ್ನು ಹಿಡಿದು ಸ್ಕೂಟರನ್ನು ಹಿಂದೆ ಮುಂದೆ ಅಲುಗಿಸಿದಾಗ ಕಂಬದ ಬಳಿ ‘ಟಕ್’ ಎಂದರೆ ಸಡಿಲವಾಗಿರುವ ಸಂಶಯ ಪಡಬೇಕು.

ಬಿಗಿತವೆಲ್ಲವೂ ಬೇರಿಂಗಿನದೇ ಅಲ್ಲ. ಹ್ಯಾಂಡಲಿನಿಂದ ಇಳಿಯುವ ಕೇಬಲುಗಳು ಎಲ್ಲಿಯೋ ಸಿಕ್ಕಿಕೊಂಡು ಎಳೆಯುತ್ತಿರಬಹುದು. ಟೈರಿನಲ್ಲಿ ಗಾಳಿ ಕಡಿಮೆಯಾದರೂ ಹ್ಯಾಂಡಲು ಭಾರವೆನಿಸುವುದು. ಇದನ್ನು ಮೊದಲು ನೋಡಿಕೊಳ್ಳುವುದೇ ಅಗ್ಗದ ಉಪಾಯ.

ಇನ್ನು ಕೆಲವು ವಾಹನಗಳ ಓರೆ ಹುಟ್ಟುಗುಣವಾಗಿರುವುದೂ ಉಂಟು. 1946ರಲ್ಲಿ ಇಟಲಿಯಲ್ಲಿ ಹುಟ್ಟಿದ ವೆಸ್ಪದಲ್ಲಿ ಎಂಜಿನನ್ನು ಹಿಂಚಕ್ರದ ಬಲಪಕ್ಕದಲ್ಲಿ ಇರಿಸಿದ್ದರು. 1972ರಲ್ಲಿ ನಮ್ಮ ದೇಶದಲ್ಲಿ ಬಂದ ಬಜಾಜ್ ಚೇತಕ್ಕೂ ಅದೇ ಮಾದರಿಯದು. ಅಂತಹ ಹಳೆಯ ಸ್ಕೂಟರು ಒಂದು ಪಕ್ಕಕ್ಕೆ ತುಸು ಎಳೆದರೆ ಕೋನ್ ಸೆಟ್ಟನ್ನು ದೂರುವ ಮುನ್ನ ಎಂಜಿನಿನ ಭಾರವನ್ನು ನೆನೆಯಬೇಕು.