ಓಣಿಯೊಳಗೊಂದು ಫ್ಯೂಜಿ

ಟೋಕಿಯೊದ ಸೆಂದಗಾಯಾ ರೈಲು ನಿಲ್ದಾಣದ ಎದುರಿಗೇ ದೊಡ್ಡ ಕ್ರೀಡಾಂಗಣದ ಲೋಹದ ಚಾವಣಿ ಹೊಳೆಯುತ್ತಿರುತ್ತದೆ. ಅದನ್ನು ದಾಟಿ ಐದಾರು ನಿಮಿಷ ನಡೆದರೆ ಸಾಕು, ರಸ್ತೆ ಕಿರಿದಾಗುತ್ತದೆ, ವಾಹನಗಳ ಸದ್ದು ಇಳಿಯುತ್ತದೆ. ನಾಲ್ಕೈದು ಮಹಡಿಯ ವಸತಿ ಕಟ್ಟಡಗಳು, ಬಾಲ್ಕನಿಯ ಕಟಕಟೆಗೆ ಬಿಸಿಲು ಕಾಯಲು ಹಾಕಿದ ಹಾಸಿಗೆಗಳು, ಬಾಗಿಲಿನ ಪಕ್ಕ ಸಾಲಾಗಿ ಕೂತ ಹೂಕುಂಡಗಳು, ಮಗುವನ್ನು ಕೂರಿಸುವ ಸೀಟು ಬಿಗಿದ ಸೈಕಲ್ಲುಗಳು. ಹಲವು ದಾರಿಗಳು ಬಂದು ಕೂಡುವ ಜಾಗದಲ್ಲಿ ಇದ್ದಕ್ಕಿದ್ದಂತೆ ಒಂದು ಮರಗಳ ಗುಂಪು. ಅದರ ಅಂಚಿನಲ್ಲಿ ತೋರಿ: ಎರಡು ಕಂಬ, ಮೇಲೆ ಅಡ್ಡತೊಲೆ, ಕದವೇ ಇಲ್ಲದ ಹೆಬ್ಬಾಗಿಲು. ಇದು ಹತೊನೊಮೊರಿ ಹಚಿಮಾನ್ ಗುಡಿ.

ಊರಿಗೆ ಊರೇ ಅಡ್ಡದಾರಿಯಾಗಿ ಬಳಸುವ ಅಂಗಳ ಇದು. ಕಚೇರಿಗೆ ಹೊರಟವರು, ತರಕಾರಿ ಚೀಲ ಹಿಡಿದ ಅಜ್ಜಿಯರು ಒಂದು ಬಾಗಿಲಿನಲ್ಲಿ ಒಳಬಂದು ಇನ್ನೊಂದರಲ್ಲಿ ಹೊರಹೋಗುತ್ತಾರೆ. ಅವರಲ್ಲೂ ಅನೇಕರು ತೋರಿಯ ಬಳಿ ಒಂದು ಕ್ಷಣ ನಿಂತು ಗುಡಿಯ ಕಡೆ ತಿರುಗಿ ತಲೆಬಾಗುತ್ತಾರೆ. ಪೂಜೆಗೆಂದೇ ಬಂದವರು ಕಲ್ಲಿನ ತೊಟ್ಟಿಯ ಬಳಿ ಮೊದಲು ಎಡಗೈ, ಆಮೇಲೆ ಬಲಗೈ ತೊಳೆದು, ಅಂಗೈಯಲ್ಲಿ ನೀರು ಹಿಡಿದು ಬಾಯಿ ಮುಕ್ಕಳಿಸುತ್ತಾರೆ. ಗುಡಿಯ ಮುಂದೆ ಕಾಣಿಕೆ ಹಾಕಿ ಎರಡು ಸಲ ಬಾಗುವುದು, ಎರಡು ಸಲ ಚಪ್ಪಾಳೆ, ಮತ್ತೊಮ್ಮೆ ಬಾಗುವುದು. ಮಂಗಳಾರತಿಯಿಲ್ಲ, ಕಣ್ಣಿಗೆ ಕಾಣುವ ಮೂರ್ತಿಯೂ ಇಲ್ಲ.

ಇಲ್ಲಿ ನೆಲೆಸಿದವರು ಹಚಿಮಾನ್ ದೇವರೆಂದು ಪೂಜೆಗೊಳ್ಳುವ ಸಾಮ್ರಾಟ ಓಜಿನ್ ಮತ್ತು ಅವನ ತಾಯಿ ಜಿಂಗೂ. ಹಿಂದೆ ಇಲ್ಲಿದ್ದ ಕಾಡಿನ ಮೇಲೆ ಬಿಳಿ ಮೋಡ ಇಳಿಯಿತಂತೆ. ಹಳ್ಳಿಯವರು ಬೆರಗಾಗಿ ಒಳಹೊಕ್ಕರೆ ಬಿಳಿ ಪಾರಿವಾಳಗಳ ಹಿಂಡೇ ಹಾರಿ ಪಶ್ಚಿಮಕ್ಕೆ ಹೋಯಿತಂತೆ. ಆ ಶುಭಶಕುನಕ್ಕೆ ಕಟ್ಟಿದ ಪುಟ್ಟ ಗೂಡೇ ಗುಡಿಯ ಮೊದಲು ಎಂದು ಸ್ಥಳಪುರಾಣ. ಪಾರಿವಾಳ ಹಚಿಮಾನ್ ದೇವರ ದೂತ. ಭವಿಷ್ಯದ ಚೀಟಿ ಎತ್ತಿದವರು ಅದನ್ನು ಪಾರಿವಾಳದ ಆಕಾರಕ್ಕೆ ಮಡಚಿ ದಾರಕ್ಕೆ ಸಿಕ್ಕಿಸಿ ಹೋಗುತ್ತಾರೆ. ಗಾಳಿ ಬೀಸಿದಾಗ ಆ ಕಾಗದದ ಹಕ್ಕಿಗಳೆಲ್ಲ ಒಟ್ಟಿಗೆ ರೆಕ್ಕೆ ಬಡಿಯುತ್ತವೆ.

ಒಂದು ಬದಿಯಲ್ಲಿ ನೋ ನಾಟಕದ ರಂಗಮಂಟಪ. ಇನ್ನೊಂದೆಡೆ ಆರು ಮೂಲೆಯ ಪುಟ್ಟ ಮಂಟಪದಲ್ಲಿ, ನಮ್ಮ ಚತುರಂಗದ ದೂರದ ಬಂಧುವಾದ ಶೋಗಿ ಆಟದ ಕಾಯಿಯೊಂದು ದೇವರಂತೆ ಕೂತಿದೆ. ಮರದ ಆ ಕಾಯಿಯ ಎತ್ತರ 1.2 ಮೀಟರ್. ಮಹಾನ್ ಆಟಗಾರ ಓಯಾಮಾ ಯಾಸುಹಾರು ಜಪಾನ್ ಶೋಗಿ ಸಂಘದ ಅಧ್ಯಕ್ಷರಾಗಿದ್ದಾಗ, 1986ರಲ್ಲಿ, ಸಂಘ ಇದನ್ನು ಅರ್ಪಿಸಿತು. ಸಂಘದ ಕೇಂದ್ರ 1976ರಿಂದ ಗುಡಿಯ ನೆರೆಯಲ್ಲೇ ಇತ್ತು. 2024ರಲ್ಲಿ ಅದು ರೈಲು ನಿಲ್ದಾಣದ ಹತ್ತಿರಕ್ಕೆ ಹೋಯಿತು, ಕಾಯಿ ಇಲ್ಲೇ ಉಳಿಯಿತು.

ಗುಡಿಯ ಕಟ್ಟಡ ಹಳೆಯದಲ್ಲ. 1945ರ ಮೇ ತಿಂಗಳ ಬಾಂಬ್ ದಾಳಿಯಲ್ಲಿ ಹಿಂದಿನದು ಸುಟ್ಟುಹೋಯಿತು, ಈಗಿನದು 1993ರದು. ಇಲ್ಲಿನ ನಿಜವಾದ ಹಳತನ್ನು ನೋಡಬೇಕಾದರೆ ಅಂಗಳದ ಆಚೆ ಬದಿಗೆ ಹೋಗಬೇಕು. ಅಲ್ಲಿ ಒಂದು ಪುಟ್ಟ ಕೊಳ, ಅದರ ಹಿಂದೆ ಸುಮಾರು 6 ಮೀಟರ್ ಎತ್ತರದ ಗುಡ್ಡ. ಕೊಳ ಅಗೆದ ಮಣ್ಣನ್ನೇ ಗುಡ್ಡೆ ಹಾಕಿ 1789ರಲ್ಲಿ ಮಾಡಿದ ಫ್ಯೂಜಿ ಪರ್ವತ ಇದು. ಟೋಕಿಯೊದಲ್ಲಿ ಉಳಿದಿರುವ ಇಂಥ ಗುಡ್ಡಗಳಲ್ಲೆಲ್ಲ ಅತ್ಯಂತ ಹಳೆಯದು. 1923ರ ಮಹಾಭೂಕಂಪದ ಬಳಿಕ ದುರಸ್ತಿಯಾಯಿತು. ಮಣ್ಣು ಕಲ್ಲುಗಳನ್ನು ಯುದ್ಧದ ಬೆಂಕಿಯೂ ಅಳಿಸಲಿಲ್ಲ.

ಹತ್ತಲು ಟಿಕೆಟ್ಟಿಲ್ಲ, ಯಾರನ್ನೂ ಕೇಳಬೇಕಿಲ್ಲ. ತಪ್ಪಲಲ್ಲಿ ಊರ ಗುಡಿ, ತುದಿಯಲ್ಲಿ ಶಿಖರದ ಗುಡಿ. ನಡುವೆ ಒರಟು ಕಲ್ಲುಗಳ ಮೆಟ್ಟಿಲು, ಇಕ್ಕೆಲದಲ್ಲಿ ಗಿಡ್ಡ ಬಿದಿರುಹುಲ್ಲು. ನಿಜವಾದ ಫ್ಯೂಜಿಯ ದಾರಿಯಲ್ಲಿ ಹತ್ತು ಹಂತಗಳಿರುವಂತೆ ಇಲ್ಲೂ ಹಂತಗಳಿವೆ. ಐದನೆಯದರ ಎಡಕ್ಕೆ ಆಮೆಬಂಡೆ. ಏಳನೆಯದರಲ್ಲಿ ಮೊಣಕಾಲೆತ್ತರದ ಗವಿ. ತುದಿ ಸಮೀಪಿಸಿದಾಗ ಕಲ್ಲಿನ ಬಣ್ಣ ಬದಲಾಗುತ್ತದೆ. ರಂಧ್ರ ರಂಧ್ರದ, ಮುಟ್ಟಿದರೆ ಕೈ ತರಚುವ ಕರಿಗಲ್ಲು. ಅದು ಫ್ಯೂಜಿಯದೇ ಲಾವಾ. ರೈಲಿಲ್ಲದ ಕಾಲದಲ್ಲಿ ಸುಮಾರು ನೂರು ಕಿಲೋಮೀಟರಿನಾಚೆಯಿಂದ ಅದು ಇಲ್ಲಿಗೆ ಬಂತು. ಶಿಖರದಲ್ಲಿ ನಿಂತರೆ ಎದುರು ಮನೆಯ ಎರಡನೆಯ ಮಹಡಿಯ ಕಿಟಕಿ ಕಣ್ಣಿಗೆ ಸಮನಾಗಿರುತ್ತದೆ.

ಇದನ್ನು ಮಕ್ಕಳ ಆಟದ ಗುಡ್ಡವೆಂದೋ ಉದ್ಯಾನದ ಅಲಂಕಾರವೆಂದೋ ನೋಡಿ ಮುಂದೆ ಹೋದರೆ ದೊಡ್ಡದೇನನ್ನೋ ಕಳೆದುಕೊಂಡಂತೆ. ಎದೊ ಎಂಬ ಹೆಸರಿನ ಆ ಕಾಲದ ಟೋಕಿಯೊದಲ್ಲಿ ಬಡಗಿಗಳು, ವ್ಯಾಪಾರಿಗಳು, ರೈತರು ಕೇರಿಗೊಂದರಂತೆ ಫ್ಯೂಜಿ ಭಕ್ತರ ಕೂಟ ಕಟ್ಟಿಕೊಂಡಿದ್ದರು. ನಮ್ಮಲ್ಲಿ ಚೀಟಿ ಹಾಕುವ ಹಾಗೆ ಎಲ್ಲರೂ ಹಣ ಕೂಡಿಸಿ, ಸರದಿಯ ಮೇಲೆ ಕೆಲವರನ್ನು ಯಾತ್ರೆಗೆ ಕಳಿಸುವರು. ಹೋದವರು ಎಲ್ಲರ ಪರವಾಗಿ 3,776 ಮೀಟರ್ ಏರಿ ಬರುವರು. ಈ ಭಕ್ತಿಯನ್ನು ಜನಸಾಮಾನ್ಯರಲ್ಲಿ ಹರಡಿದವನು ಜಿಕಿಗ್ಯೊ ಮಿರೊಕು, ಎದೊದಲ್ಲಿ ಎಣ್ಣೆ ಮಾರುತ್ತಿದ್ದವ. 1733ರಲ್ಲಿ ಅವನು ಫ್ಯೂಜಿಯ ಬಂಡೆಯೊಂದರ ಬಳಿ ಉಪವಾಸ ಕೂತು ಪ್ರಾಣ ಬಿಟ್ಟ. ಸೆಂದಗಾಯಾದ ಏಳನೆಯ ಹಂತದ ಗವಿಯೊಳಗೆ ಇರುವುದು ಅವನ ಪ್ರತಿಮೆ. ಅವನ ಶಿಷ್ಯ, ತಕಾದಾ ಊರಿನ ತೋಟಗಾರ ತೋಶಿರೊ, 1779ರ ಸುಮಾರಿಗೆ ಮೊದಲ ಫ್ಯೂಜಿ ಗುಡ್ಡವನ್ನು ಕಟ್ಟಿದ. ಗಿಡ, ಮಣ್ಣು, ಬಂಡೆಗಳ ಮರ್ಮ ಬಲ್ಲವನ ಕೈಯಿಂದಲೇ ಇಂಥದ್ದು ಹುಟ್ಟಿದ್ದು ನನಗೆ ತೀರ ಸಹಜವೆನಿಸುತ್ತದೆ. ಆ ಮೊದಲ ಗುಡ್ಡ ಈಗಿಲ್ಲ. 1960ರ ದಶಕದಲ್ಲಿ ವಾಸೆದಾ ವಿಶ್ವವಿದ್ಯಾಲಯ ವಿಸ್ತರಿಸುವಾಗ ನೆಲಸಮವಾಯಿತು. ಹಾಗಾಗಿಯೇ ಹತ್ತು ವರ್ಷಕ್ಕೆ ಕಿರಿಯನಾದ ಈ ತಮ್ಮನ ಬೆಲೆ ಹೆಚ್ಚು.

ಯಾರಿಗಾಗಿ ಕಟ್ಟಿದರು ಎಂಬುದೇ ನನ್ನನ್ನು ಹೆಚ್ಚು ಕಾಡುವುದು. ಮುದುಕರಿಗೆ, ರೋಗಿಗಳಿಗೆ, ಪುಟ್ಟ ಮಕ್ಕಳಿಗೆ, ದಿನಗೂಲಿ ಬಿಟ್ಟು ಹೋಗಲಾರದವರಿಗೆ. ಎಲ್ಲಕ್ಕಿಂತ ಮೇಲಾಗಿ ಹೆಂಗಸರಿಗೆ. ಫ್ಯೂಜಿಯಲ್ಲಿ ನೆಲೆಸಿರುವುದು ಕೊನೊಹನಾಸಕುಯಾ ಎಂಬ ಹೆಣ್ಣು ದೇವತೆಯೇ, ಆದರೂ ಅದರ ಶಿಖರ ಹೆಣ್ಣಿಗೆ ನಿಷಿದ್ಧವಾಗಿತ್ತು. ಸರ್ಕಾರ ಆ ನಿಷೇಧವನ್ನು ತೆಗೆದದ್ದು 1872ರಲ್ಲಿ. ಹೆಣ್ಣು ಗಂಡು ಸಮಾನರೆಂದು ಬೋಧಿಸಿದ ಮಿರೊಕುವಿನ ಅನುಯಾಯಿಗಳು ಅಲ್ಲಿಯವರೆಗೆ ಕಾಯದೆ ಬೆಟ್ಟವನ್ನೇ ಮನೆಯ ಹತ್ತಿರ ತಂದರು. ಅದನ್ನು ಹತ್ತಿದವರಿಗೆ ಫ್ಯೂಜಿ ಹತ್ತಿದಷ್ಟೇ ಪುಣ್ಯ ಎಂದರು, ಒಂದು ಗುಲಗಂಜಿಯಷ್ಟೂ ಕಡಿಮೆಯಲ್ಲ.

ನಿಜವಾದ ಶಿಖರ ತಲುಪಿದ ಮೊದಲ ಹೆಣ್ಣೆಂದು ದಾಖಲಾಗಿರುವ ತಕಾಯಾಮಾ ತಾತ್ಸು 1832ರಲ್ಲಿ ಗಂಡುವೇಷ ತೊಟ್ಟು ಹತ್ತಬೇಕಾಯಿತು. ಆ ಹೊತ್ತಿಗೆ ಸೆಂದಗಾಯಾದ ಹೆಂಗಸರಿಗೆ, ತಮ್ಮದೇ ಉಡುಗೆಯಲ್ಲಿ ಹಗಲು ಹೊತ್ತಿನಲ್ಲೇ ಹತ್ತಿ ಇಳಿಯಲು, ಈ ಫ್ಯೂಜಿ ತೆರೆದು ನಲವತ್ತು ವರ್ಷ ಕಳೆದಿತ್ತು.