ಯುದ್ಧದಿಂದ ಜಾವಗಲ್ಲಿನ ತೋಟಕ್ಕೆ

ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿಯೂ ಜಾವಗಲ್ಲೂ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯಗಳಿಂದ ಹೆಸರಾದ ಊರುಗಳು. ಹಾರನಹಳ್ಳಿಯ ಗುಡಿ 1234ರ ಸುಮಾರಿನದು. ಈ ಸೀಮೆಯ ವೀರಗಲ್ಲುಗಳು, ಅಂದರೆ ಕಾಳಗದಲ್ಲೋ ತುರುಗಳನ್ನು ಕಾಯುವಾಗಲೋ ಮಡಿದವರ ನೆನಪಿಗೆ ನಿಲ್ಲಿಸಿದ ಕೆತ್ತನೆಯ ಕಲ್ಲುಗಳು, ಸತ್ತ ವೀರನನ್ನು ಸ್ಮರಿಸುತ್ತವೆಯೇ ಹೊರತು ಯುದ್ಧ ಮುಗಿಸಿ ಬದುಕಿ ಬಂದವನು ಮುಂದೆ ಏನು ಮಾಡಿದನೆಂಬುದನ್ನು ಹೇಳುವುದಿಲ್ಲ. ಅಂಥ ಒಬ್ಬ ಯೋಧನ ಮುಂದಿನ ಬದುಕು ರೂಪುಗೊಂಡದ್ದು ಇದೇ ತಾಲ್ಲೂಕಿನ ಮಣ್ಣಿನಲ್ಲಿ. ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರನ್ನು ನಾಡು ವಿಮಾನ ಸಂಸ್ಥೆಯ ಸ್ಥಾಪಕರೆಂದು ಬಲ್ಲದು. ಆದರೆ ಸೈನ್ಯಕ್ಕೂ ವಿಮಾನಕ್ಕೂ ನಡುವೆ ಅವರು ಜಾವಗಲ್ಲಿನ ಬಳಿ ಬೇಸಾಯದಲ್ಲಿ ಕಳೆದ ವರ್ಷಗಳಿಗೆ ಸಲ್ಲಬೇಕಾದ ಗಮನ ಸಂದಿಲ್ಲ.

1951ರಲ್ಲಿ ಮೇಲುಕೋಟೆಯಲ್ಲಿ ಹುಟ್ಟಿ ಹೇಮಾವತಿ ದಡದ ಗೊರೂರಿನಲ್ಲಿ ಬೆಳೆದ ಗೋಪಿನಾಥ್ ಶಾಲಾ ಉಪಾಧ್ಯಾಯರ ಮಗ. ಸಾಮಾನ್ಯ ಕುಟುಂಬಗಳ ಮಕ್ಕಳೂ ಸೇನಾಧಿಕಾರಿಗಳಾಗಲೆಂದು 1961ರಿಂದ ಕೇಂದ್ರ ಸರ್ಕಾರ ತೆರೆಯತೊಡಗಿದ ಸೈನಿಕ ಶಾಲೆಗಳಲ್ಲಿ ಒಂದು 1963ರಲ್ಲಿ ಬಿಜಾಪುರದಲ್ಲಿ ಆರಂಭವಾಗಿ, ಗೊರೂರಿನ ಈ ಹುಡುಗನಿಗೆ ಅಲ್ಲಿ ಪ್ರವೇಶ ದೊರೆಯಿತು. ಅಲ್ಲಿಂದ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಬಳಿಕ ಡೆಹ್ರಾಡೂನಿನ ಭಾರತೀಯ ಸೇನಾ ಅಕಾಡೆಮಿ ದಾಟಿ ಭೂಸೇನೆ ಸೇರಿದ ಅವರಿಗೆ ಇಪ್ಪತ್ತರ ಹರೆಯದಲ್ಲೇ ಯುದ್ಧ ಎದುರಾಯಿತು. 1971ರ ಡಿಸೆಂಬರ್ 3ರಿಂದ 16ರವರೆಗೆ ನಡೆದು, ಢಾಕಾದಲ್ಲಿ ಪಾಕಿಸ್ತಾನಿ ಪಡೆಗಳ ಶರಣಾಗತಿಯೊಂದಿಗೆ ಮುಗಿದು ಬಾಂಗ್ಲಾದೇಶದ ಉದಯಕ್ಕೆ ಕಾರಣವಾದ ಆ ಯುದ್ಧದಲ್ಲಿ ಸೇವೆ ಸಲ್ಲಿಸಿದ ಅವರು, ಒಟ್ಟು ಸುಮಾರು ಎಂಟು ವರ್ಷ ಸೈನ್ಯದಲ್ಲಿದ್ದು, ಮುಂದೆ ಏನೆಂಬುದು ನಿಶ್ಚಯವಾಗುವ ಮೊದಲೇ ಹುದ್ದೆ ಬಿಟ್ಟು ಊರಿಗೆ ಮರಳಿದರು. ಹೆಸರಿನ ಹಿಂದಿನ ಕ್ಯಾಪ್ಟನ್ ಪದವಿ ಭೂಸೇನೆಯದು, ವಿಮಾನ ಚಾಲಕನದಲ್ಲ.

ಮರಳಿದ ಊರಿನಲ್ಲಿ ಕುಟುಂಬದ ಜಮೀನು ಉಳಿಯಲಿಲ್ಲ. 1979ರಲ್ಲಿ ಪೂರ್ಣಗೊಂಡ ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರು ಅದನ್ನು ಮುಳುಗಿಸಿತು. ಪರಿಹಾರವಾಗಿ ಸಿಕ್ಕಿದ್ದು ಜಾವಗಲ್ಲಿನ ಬಳಿಯ ಬರಡು ನೆಲ. ನದಿಯ ಮಗ್ಗುಲಿನ ಗದ್ದೆ ಕಳೆದುಕೊಂಡವರಿಗೆ ಮಳೆಯನ್ನೇ ನಂಬಿದ ಬಯಲುಸೀಮೆಯ ಭೂಮಿ ಕೊಡುವುದು ಕಾಗದದ ಮೇಲೆ ಪರಿಹಾರವೆನಿಸಬಹುದು, ಬದುಕಿನಲ್ಲಿ ಅದು ಎರಡನೆಯ ನಷ್ಟ. ಎಷ್ಟೋ ಸಂತ್ರಸ್ತ ಕುಟುಂಬಗಳು ಇದನ್ನು ಅನುಭವಿಸಿವೆ. ಆಸ್ಟ್ರೇಲಿಯದಲ್ಲಿಯೂ ಮೊದಲ ಮಹಾಯುದ್ಧದಿಂದ ಮರಳಿದ ಸಾವಿರಾರು ಸೈನಿಕರಿಗೆ ಸರ್ಕಾರಗಳು ಜಮೀನು ಹಂಚಿದ್ದವು. ಹಿಡುವಳಿ ಚಿಕ್ಕದಾಗಿ, ನೆಲ ಒಣಗಿದ್ದಾಗಿ, ಸಾಲ ಬೆಳೆದು ಬಹಳ ಮಂದಿ ಭೂಮಿ ತೊರೆದರು, ಆ ನಷ್ಟದ ಬಗ್ಗೆ 1929ರಲ್ಲಿ ನ್ಯಾಯಮೂರ್ತಿ ಪೈಕ್ ವರದಿ ನೀಡಬೇಕಾಯಿತು. ಗೋಪಿನಾಥ್ ಅವರಿಗೆ ದೊರೆತದ್ದು ಸೈನಿಕನೆಂಬ ಕಾರಣಕ್ಕೆ ಕೊಟ್ಟ ಭೂಮಿಯಲ್ಲವಾದರೂ, ಎದುರಾದ ಕಷ್ಟ ಅದೇ ಬಗೆಯದು.

ಅವರು ಆ ನೆಲದಲ್ಲೇ ಗುಡಾರ ಹಾಕಿ ನೆಲೆಸಿ, ದೂರದಿಂದ ನೀರು ತಂದು ತೆಂಗಿನ ಸಸಿಗಳನ್ನು ಉಳಿಸಿಕೊಂಡರು. ತೆಂಗು ಫಲಕ್ಕೆ ಬರಲು ವರ್ಷಗಳೇ ಬೇಕಾದ್ದರಿಂದ ನಡುವಿನ ಕಾಲಕ್ಕೆ ಬೇರೆ ಬೇರೆ ಕಸುಬುಗಳನ್ನು ಪ್ರಯತ್ನಿಸಿ, ಅನೇಕ ಸಲ ಕೈಸುಟ್ಟುಕೊಂಡು, ಕೊನೆಗೆ ರೇಷ್ಮೆಯಲ್ಲಿ ನೆಲೆ ಕಂಡರು. ಉಳುಮೆ, ರಸಗೊಬ್ಬರ, ಕೀಟನಾಶಕಗಳಿಲ್ಲದೆ ಬೆಳೆಯಬಹುದೆಂದು ತೋರಿಸಿದ ಜಪಾನಿನ ಕೃಷಿಕ ಮಸನೊಬು ಫುಕುವೊಕಾ ಅವರ ವಿಚಾರಗಳ ಪ್ರಭಾವದಿಂದ, ತರಗೆಲೆಯನ್ನು ನೆಲಕ್ಕೇ ಹೊದಿಸಿ ಎರೆಹುಳುಗಳಿಗೆ ಮಣ್ಣನ್ನು ಬಿಟ್ಟುಕೊಡುವ ಪದ್ಧತಿಗೆ ಅವರು ಬಂದರು. ಹಿಪ್ಪುನೇರಳೆ ಸೊಪ್ಪು ತಿಂದು ಬೆಳೆಯುವ ರೇಷ್ಮೆಹುಳುವಿಗೆ ಸೊಪ್ಪಿನ ಮೇಲಿನ ವಿಷ ಮಾರಕವಾಗುವುದರಿಂದ, ವಿಷವಿಲ್ಲದ ಬೇಸಾಯ ಇಲ್ಲಿ ಆದರ್ಶ ಮಾತ್ರವಲ್ಲ, ಲೆಕ್ಕಕ್ಕೂ ಹೊಂದುವ ದಾರಿ. ಕಡಿಮೆ ಖರ್ಚಿನ, ಪರಿಸರಕ್ಕೆ ಒಗ್ಗುವ ಈ ರೇಷ್ಮೆ ಕೃಷಿಗೆ 1996ರಲ್ಲಿ ಅಂತರರಾಷ್ಟ್ರೀಯ ರೋಲೆಕ್ಸ್ ಪ್ರಶಸ್ತಿ ಬಂತು. ಅವರ ಎಲ್ಲ ಸಾಧನೆಗಳಲ್ಲಿ ಇದೇ ಹೆಚ್ಚು ಬಾಳಿಕೆಯದೆಂದು ಹೇಳಲು ಕಾರಣಗಳಿವೆ: ಇದಕ್ಕೆ ದೊಡ್ಡ ಬಂಡವಾಳ ಬೇಕಿರಲಿಲ್ಲ, ಪಕ್ಕದ ಹೊಲದವರು ನೋಡಿ ಅನುಸರಿಸಬಹುದಿತ್ತು.

ಮುಂದಿನದು ಹೆಚ್ಚು ಪ್ರಸಿದ್ಧ. 1990ರ ದಶಕದ ಉತ್ತರಾರ್ಧದಲ್ಲಿ ಸೈನ್ಯದ ಗೆಳೆಯ ಕ್ಯಾಪ್ಟನ್ ಕೆ. ಜೆ. ಸ್ಯಾಮ್ಯುಯೆಲ್ ಅವರೊಂದಿಗೆ ಹೆಲಿಕಾಪ್ಟರ್ ಬಾಡಿಗೆ ಸಂಸ್ಥೆ ಡೆಕ್ಕನ್ ಏವಿಯೇಷನ್ ಕಟ್ಟಿದ ಅವರು, 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿ, ಊಟ ಉಪಚಾರಗಳನ್ನು ಕೈಬಿಟ್ಟು ಟಿಕೆಟ್ ದರ ಇಳಿಸಿ, ಹುಬ್ಬಳ್ಳಿಯಂಥ ಊರುಗಳನ್ನೂ ವಿಮಾನ ಮಾರ್ಗಕ್ಕೆ ಸೇರಿಸಿದರು. ಬಸ್ಸು ರೈಲುಗಳಲ್ಲೇ ಓಡಾಡಿದ್ದ ಅಸಂಖ್ಯ ಜನ ಮೊದಲ ಬಾರಿ ವಿಮಾನ ಏರಿದ್ದು ಆಗ. ನಷ್ಟದ ಭಾರದಿಂದ ಆ ಸಂಸ್ಥೆ 2007ರಿಂದ ಕಿಂಗ್‌ಫಿಷರ್ ಪಾಲಾಯಿತು. 2009ರಲ್ಲಿ ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದಿಂದ ಪಕ್ಷೇತರರಾಗಿ ನಿಂತ ಗೋಪಿನಾಥ್ ಸೋತರು.